ಹನ್ನೊಂದು ಫೋಟೋಗಳ ಸೋಮವಾರ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರನ್ನು 7:48ರ ಲೋಕಲ್ ರೈಲಿಗೆ ಕಳಿಸಿ, ಚಹಾ ಹಿಡಿದು ಲ್ಯಾಪ್‌ಟಾಪ್ ತೆರೆದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿಯಾಗಿ ಅದು ಎರಡನೇ ತಿಂಗಳು. ಮನೆಯ ಹೊರಗೆ ನಾನು ಮಾಡಿದ ಒಂದೇ ಉದ್ಯೋಗ ಅದು, ಸಂಬಳವಿಲ್ಲ.

ಹನ್ನೊಂದಕ್ಕೆ ಬಿಲ್ಡರ್ ಕಡೆಯ ಎಂಜಿನಿಯರ್ ಬರುವವರಿದ್ದರು. ಪಾರ್ಕಿಂಗಿನ ಕಂಬವೊಂದು ಬಿರುಕು ಬಿಟ್ಟಿತ್ತು. ಮನೆ ಕೈಗೆ ಕೊಟ್ಟ ಐದು ವರ್ಷದೊಳಗೆ ತಿಳಿಸಿದ ದೋಷವಾದರೆ ರಿಪೇರಿ ಬಿಲ್ಡರ್‌ನ ಹೊಣೆ. ನಾವು ತಿಳಿಸಿದ್ದು ಬಾಯಿಮಾತಿನಲ್ಲಿ, ಗಡುವು ಮುಗಿದಿತ್ತು. ಉಳಿದ ಸಾಕ್ಷಿ, ಹಿಂದಿನ ಸೆಕ್ರೆಟರಿ ಶೆಟ್ಟಿಯವರು ಗಡುವಿನೊಳಗೇ ತೆಗೆದಿದ್ದ ಹನ್ನೊಂದು ಫೋಟೋ.

ಫೋಟೋ ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದೆಂಬ ವಿವರ ಫೈಲಿನೊಳಗೇ ಇರುತ್ತದೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ತೆರೆದು ನೋಡಿದರೆ ಆ ಜಾಗ ಖಾಲಿ. ಹನ್ನೊಂದೂ ಫೈಲಿನ ಮೇಲೆ ಹೋದ ಸೋಮವಾರದ ತಾರೀಕು.

ಆ ಸೋಮವಾರವೇ ಶೆಟ್ಟಿಯವರು ಕಂಬದ ಬಳಿ ಫೋನ್ ಹಿಡಿದು ಒಬ್ಬರೇ ನಿಂತಿದ್ದರು. ನನ್ನನ್ನು ಕಂಡು ಫೋನ್ ಜೇಬಿಗಿಳಿಸಿದ್ದು ನೆನಪಾಯಿತು. ಆಮೇಲೆ ಎರಡು ಸಲ, "ಫೋಟೋ ಸಿಕ್ಕಿತಾ ಅಕ್ಕ?" ಎಂದು ಕೇಳಿದ್ದರು. ಯಾಕಿಷ್ಟು ಕಾಳಜಿ? ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದ ಎದುರುಮನೆ ಮಂಗಳಾಗೆ, "ಶೆಟ್ಟಿಯವರು ಈಗ ಫೋಟೋ ತೆಗೆದು ಹಳೆಯದೆಂದು ಕೊಟ್ಟಿರಬೇಕು" ಎಂದುಬಿಟ್ಟೆ.

ಒಂಬತ್ತೂವರೆಗೆ ಅವರೇ ಬಂದರು.

"ಎಂತ ಅಕ್ಕ, ಮುಖ ಸಪ್ಪೆ ಉಂಟು?"

ಪರದೆ ಅವರತ್ತ ತಿರುಗಿಸಿದೆ. "ಇದೆಲ್ಲ ಸೋಮವಾರ ತೆಗೆದದ್ದಾ?"

"ಎರಡು ಮಳೆಗಾಲ ಆಯ್ತು ತೆಗೆದು. ನೀವೂ ಹೀಗೆ ಕೇಳಿದ್ರೆ ನಾನು ಎಂತ ಹೇಳುವುದು?" ಎಂದವರು ಚಹಾ ಮುಟ್ಟದೆ ಕುಳಿತರು.

ಏಳನೆಯ ಫೋಟೋದ ಮೂಲೆಯಲ್ಲಿ ಸೀಟು ಹರಿದ ಹಸಿರು ಸ್ಕೂಟರ್ ಇತ್ತು. ನಮ್ಮದೇ. ಅದನ್ನು ಮಾರಿ ವರ್ಷದ ಮೇಲಾಗಿತ್ತು.

ಸುಳ್ಳು ಹೇಳುತ್ತಿದ್ದುದು ತಾರೀಕು. ಫೋಟೋಗಳನ್ನು ಹೊಸ ಲ್ಯಾಪ್‌ಟಾಪಿಗೆ ತಂದವಳು ನಾನು, ಸೋಮವಾರ. ಗ್ಯಾಸ್ ಬುಕಿಂಗಿನಿಂದ ಸಾವಿನ ಸುದ್ದಿಯವರೆಗೆ ನಮ್ಮಲ್ಲಿ ಎಲ್ಲವೂ ಓಡಾಡುವುದು ವಾಟ್ಸಾಪಿನಲ್ಲಿ. ಶೆಟ್ಟಿಯವರು ಸೊಸೈಟಿಯ ಹಳೇ ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದ ಇವನ್ನೂ ಹಾಗೇ ನನಗೆ ನಾನೇ ಕಳಿಸಿಕೊಂಡಿದ್ದೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ, ಒಳಗಿನ ವಿವರ ಅಳಿಸಿ ಕಳಿಸುತ್ತದೆ. ಇಳಿಸಿಕೊಂಡ ದಿನವೇ ಫೈಲಿನ ತಾರೀಕಾಗಿತ್ತು.

ಹಳೇ ಕಂಪ್ಯೂಟರನ್ನು ಭಂಗಾರಿಗೆ, ಅಂದರೆ ಗುಜರಿಗೆ, ಹಾಕಲೆಂದು ಮೆಟ್ಟಿಲ ಕೆಳಗೆ ಹಗ್ಗ ಬಿಗಿದು ಇಟ್ಟಿದ್ದೆವು. ಬಿಚ್ಚಿ ಚಾಲೂ ಮಾಡಿದರೆ ಹನ್ನೊಂದೂ ಹಾಗೇ ಇದ್ದವು: ದಿನ, ಗಂಟೆ, ಶೆಟ್ಟಿಯವರ ಫೋನಿನ ಮಾಡೆಲ್. ಈ ಸಲ ಪೆನ್ ಡ್ರೈವಿಗೆ ಕಾಪಿ ಮಾಡಿ, ತಾರೀಕುಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಮೂಲವನ್ನು ಅಳಿಸಲಿಲ್ಲ. ಎಂಜಿನಿಯರ್ ಕಂಬವನ್ನೂ ಪರದೆಯನ್ನೂ ಬಹಳ ಹೊತ್ತು ನೋಡಿ, "ರಿಪೇರಿ ನಮ್ಮದೇ" ಎಂದು ಬರೆದುಕೊಟ್ಟರು.

ಶೆಟ್ಟಿಯವರ ಕ್ಷಮೆ ಕೇಳಿದೆ. "ಬಿಡಿ ಅಕ್ಕ. ಸೋಮವಾರ ನನ್ನ ಕ್ಯಾಂಟೀನಿಗೆ ಮೀನು ಬೇಕೆಂದು ಫೋನ್ ಮಾಡಲಿಕ್ಕೆ ನಿಂತದ್ದು. ರೇಂಜ್ ಇರುವುದೇ ಆ ಕಂಬದ ಹತ್ತಿರ," ಎಂದು ತಣ್ಣಗಾದ ಚಹಾ ಕುಡಿದರು.

ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಮೂಲೆಗೆ ತಾರೀಕು ಬರೆಯದ ಪುಟವನ್ನು ಸಿಸ್ಟರ್ ಓದುತ್ತಲೇ ಇರಲಿಲ್ಲ. ಒಂದು ವಸ್ತು ಕೈಯಿಂದ ಕೈಗೆ ಹೋಗುವಾಗ ಎಲ್ಲಿಂದ, ಯಾರಿಂದ, ಯಾವಾಗ ಎಂಬುದೂ ಜೊತೆಗೆ ಹೋಗಬೇಕೆಂದು ಈ ಕೆಲಸ ನನಗೆ ಮತ್ತೊಮ್ಮೆ ಕಲಿಸಿತು.

ಸಂಜೆ ಲಿಫ್ಟಿನಲ್ಲಿ ಐದನೇ ಮಹಡಿಯ ಸುನಂದಾಬಾಯಿ ಸಿಕ್ಕರು.

"ಕೇಳಿದ್ರೇನ್ರಿ? ಆ ಶೆಟ್ಟರು ಹೊಸಾ ಫೋಟೋ ತಗದು ಹಳೇವು ಅಂತ ಕೊಟ್ಟಾರಂತ."

"ಯಾರು ಹೇಳಿದ್ದು?" ಎಂದೆ.

"ಯಾರೋ ಅಂದ್ರಪಾ, ನೆನಪಿಲ್ಲ," ಎಂದು ಕೊತ್ತಂಬರಿ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಈಗ ಎಲ್ಲಾರೂ ಅದನ್ನ ಅನ್ನಾಕತ್ತಾರ."