ಹಿಂದಿನ ಸಾಲಿನ ಮದುಮಗ

ಹೋಟೆಲಿನಲ್ಲಿ ಬೆಳಗಿನ ತಿಂಡಿ ಬಡಿಸುವವಳೂ ನಾನೇ, ಕೋಣೆಗಳ ಹಾಸಿಗೆ ಬದಲಿಸುವವಳೂ ನಾನೇ. ಫ್ರಾನ್ಸಿನ ಮಾರ್ಸೆಯ ಹಳೆ ಬಂದರಿನ ಮೇಲಿನ ಓಣಿಯಲ್ಲಿ ಚಿಕ್ಕ ಹೋಟೆಲು. ಪ್ರವಾಸಿಗರು ಬಂದಿಳಿದ ದಿನ ಕೈಚೀಲವನ್ನು ಎದೆಗವಚಿಕೊಂಡು, "ಆ ಕಡೆ ಬೀದಿಗಳಿಗೆ ಹೋದ್ರೆ ಏನೂ ತೊಂದ್ರೆ ಇಲ್ಲ ತಾನೆ? ಅಲ್ಲಿ ಮುಸ್ಲಿಮರು ಜಾಸ್ತಿಯಂತೆ" ಎಂದು ನನ್ನನ್ನೇ ಕೇಳುತ್ತಾರೆ. ಆಮೇಲೆ ಸಿತ್ತಿ ಎಂಬ ನನ್ನ ಮುಸ್ಲಿಂ ಹೆಸರಿನ ಬಿಲ್ಲೆ ಓದಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹೊರಡುವ ದಿನ ಅದೇ ಬಾಯಿ, "ಎಂಥ ನಗುಮುಖದ ಜನ!" ಎನ್ನುತ್ತದೆ. ಮೂರು ದಿನದಲ್ಲಿ ನಾವು ಕಳ್ಳರಿಂದ ಸಂತರಾಗಿಬಿಡುತ್ತೇವೆ. ನಡುವೆ ಒಂದು ದಿನವಾದರೂ ಬರೀ ಮನುಷ್ಯರಾಗಿರೋಣವೆಂದರೆ ಅವರಿಗೆ ಪುರುಸೊತ್ತಿಲ್ಲ. ನನಗೆ ಇದು ಅಭ್ಯಾಸವಾಗಿದೆ. ಇಬೂರೋಯಣ್ಣನ ವಿಷಯದಲ್ಲಿ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಬೂರೋಯಣ್ಣ ನಮ್ಮ ಪಕ್ಕದ ಮನೆಯವನು. ಊರಿನ ಉತ್ತರ ತುದಿಯ ಎತ್ತರದ ಕಟ್ಟಡದಲ್ಲಿ ನಮ್ಮ ಬಾಗಿಲು, ಅವರ ಬಾಗಿಲು ಎದುರುಬದುರು. ಆಫ್ರಿಕಾದ ಪಕ್ಕದ ನಮ್ಮ ಕೊಮೊರೊ ದ್ವೀಪಗಳ ಎಷ್ಟೋ ಗಂಡಸರ ಹಾಗೆ ಅವನೂ ಹರೆಯದಲ್ಲಿ ಹಡಗು ಹತ್ತಿದವನು. ಎಂಜಿನ್ ಕೋಣೆಯ ಬಿಸಿಯಲ್ಲಿ ಎಣ್ಣೆ ಹಾಕುತ್ತ ಪ್ರಪಂಚ ಸುತ್ತಿದ, ಆದರೆ ಪ್ರಪಂಚ ನೋಡಲಿಲ್ಲ. ಎಂಜಿನ್ ಕೋಣೆಗೆ ಎಲ್ಲಿಯ ಕಿಟಕಿ! ಈಗ ಗಡ್ಡವೆಲ್ಲ ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ಹೆಂಡತಿ ಎಷಾತಕ್ಕ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ತೊಳೆದು ಮಂಡಿ ಸವೆಸಿಕೊಂಡವಳು. ಮಂಡಿ ಸವೆದರೂ ನಾಲಿಗೆ ಸವೆದಿರಲಿಲ್ಲ.

ನಮ್ಮವರಲ್ಲಿ ಒಬ್ಬಳನ್ನೇ ಎರಡು ಸಲ ಮದುವೆಯಾಗುವುದುಂಟು. ಮೊದಲಿನದು ಚಿಕ್ಕದು: ಖಾಜಿ, ನಾಲ್ಕು ಜನ ನೆಂಟರು, ಒಂದು ಪಾತ್ರೆ ಅನ್ನ. ಸಂಸಾರ ಮಾಡಿ ಮಕ್ಕಳನ್ನು ಹೆರುವುದಕ್ಕೆ ಅಷ್ಟು ಸಾಕು. ದೊಡ್ಡ ಮದುವೆ ಊರಿಗಾಗಿ. ಅದು ಹುಟ್ಟಿದೂರಿನಲ್ಲೇ ಆಗಬೇಕು, ಊರ ಹೆಣ್ಣಿನ ಜೊತೆಯೇ ಆಗಬೇಕು, ಊರಿಗೆ ಊರೇ ಉಣ್ಣಬೇಕು. ಹೆಣ್ಣು ಮುಖಕ್ಕೆ ಗಂಧ ತೇದು ಹಚ್ಚಿಕೊಂಡು, ಮೈತುಂಬ ಚಿನ್ನ ಹೇರಿಕೊಂಡು ತನ್ನ ಮನೆಯ ಜಗಲಿಯಲ್ಲಿ ಕೂರುತ್ತಾಳೆ. ಗಂಡು ಮೆರವಣಿಗೆಯಲ್ಲಿ ಅವಳ ಬಾಗಿಲಿಗೆ ಬರುತ್ತಾನೆ. ಅಂದಿನಿಂದ ಅವನ ಹೆಗಲಿಗೆ ಜರಿ ಶಲ್ಯ, ಊರಕಟ್ಟೆಯ ಮೇಲೆ ಒಂದು ಜಾಗ. ದೊಡ್ಡ ಮದುವೆ ಆಗದವನು ಮೊಮ್ಮಕ್ಕಳನ್ನು ಕಂಡರೂ 'ಊರ ಹುಡುಗ'ನೇ. ಹುಡುಗರು ಹಿಂದೆ ಕೂರಬೇಕು, ಹಿರಿಯರಿಗೆ ಬಡಿಸಬೇಕು, ಉಳಿದದ್ದು ಉಣ್ಣಬೇಕು. ಮಾರ್ಸೆಗೆ ಬಂದರೂ ನಾವು ಈ ಕಟ್ಟು ಬಿಡಲಿಲ್ಲ.

ಇಬೂರೋಯಣ್ಣನ ಸರದಿ ಎಂದಿಗೂ ಬರಲಿಲ್ಲ. ಒಂದು ಸಲ ಕೂಡಿಟ್ಟ ದುಡ್ಡಲ್ಲಿ ತಂಗಿಗೆ ಮನೆ ಕಟ್ಟಿಸಬೇಕಾಯಿತು. ಆಮೇಲೆ ತಂಗಿಯ ಮಗ ಸೊಯಿಲಿಹಿಯ ದೊಡ್ಡ ಮದುವೆ. ಸೋದರಮಾವ ಕೈ ಹಿಡಿಯದಿದ್ದರೆ ಇನ್ಯಾರು ಹಿಡಿಯುತ್ತಾರೆ? ಹೀಗಾಗಿ ನಮ್ಮ ಭಾನುವಾರದ ಸಭೆಗಳಲ್ಲಿ ಅಳಿಯ ಶಲ್ಯ ಹೊದ್ದು ಮುಂದಿನ ಕುರ್ಚಿಯಲ್ಲಿ, ಮಾವ ತಟ್ಟೆ ಹಿಡಿದು ಹಿಂದಿನ ಸಾಲಿನಲ್ಲಿ, ಮೀಸೆ ಚಿಗುರುತ್ತಿರುವ ಪಡ್ಡೆಗಳ ನಡುವೆ. ಮಾವ ಒಂದು ದಿನವೂ ಮುಖ ಸಿಂಡರಿಸಿದ್ದನ್ನು ನಾನು ಕಾಣೆ.

ಆಸೆ ಇರಲಿಲ್ಲವೆಂದಲ್ಲ. ಸಂಜೆ ಕಿಟಕಿಯ ಹತ್ತಿರ ಕೂತು ಹಡಗುಗಳನ್ನು ನೋಡುತ್ತ, "ಸಿತ್ತೀ, ನಮ್ಮೂರ ಕಟ್ಟೆ ಕಲ್ಲು ಮಧ್ಯಾಹ್ನ ಕಾದಿರುತ್ತೆ ಗೊತ್ತಾ, ಅಸರ್ ನಮಾಜಿನ ಹೊತ್ತಿಗೆ ಹದವಾಗುತ್ತೆ. ಅಪ್ಪ ಆಗಲೇ ಬಂದು ಕೂತ್ಕೊಳ್ಳೋನು" ಎನ್ನುತ್ತಿದ್ದ. ತಾನು ಕೂತರೆ ಬಲಗಡೆ ಯಾರಿರುತ್ತಾರೆ, ಎಡಗಡೆ ಯಾರು ಎಂದೂ ಹೇಳುತ್ತಿದ್ದ. ಅವರಲ್ಲಿ ಅರ್ಧ ಜನ ಸತ್ತು ಎಷ್ಟೋ ಕಾಲವಾಗಿತ್ತು.

ಕೊನೆಗೂ ಒಂದು ವರ್ಷ ಎಲ್ಲ ಕೂಡಿಬಂತು. ಆಗಸ್ಟ್‌ನಲ್ಲಿ ಊರಿಗೆ ಹೋಗಿ ಎಷಾತಕ್ಕನ ತವರಲ್ಲಿ ದೊಡ್ಡ ಮದುವೆ ಎಂದು ಹಿರಿಯರು ಒಪ್ಪಿದರು. ಶಲ್ಯ ತಂದದ್ದೂ ಆಯಿತು, ಅಲಮಾರಿನ ಮೇಲಿನ ಸೂಟ್‌ಕೇಸಿಗೆ ಹೋದದ್ದೂ ಆಯಿತು. ಎಷಾತಕ್ಕ ನಮ್ಮ ಮನೆಯ ಕನ್ನಡಿಯ ಮುಂದೆ ನಿಂತು ಕೆನ್ನೆಯ ಸುಕ್ಕು ಎಳೆದು ನೋಡಿಕೊಂಡಳು.

"ಈ ಮುಖಕ್ಕೆ ಎಷ್ಟು ಗಂಧ ಬೇಕಾಗುತ್ತೆ ಅಂತೀಯ, ಸಿತ್ತಿ?"

"ಗೋಡೆಗೆ ಸುಣ್ಣ ಹೊಡೆದ ಹಾಗೆ ಎರಡು ಕೈ ಹೊಡೆದ್ರೆ ಆಯ್ತು ಬಿಡಕ್ಕ."

"ನಿನ್ ಬಾಯಿಗೆ ಬೆಂಕಿ ಬೀಳ!" ಎಂದು ನಕ್ಕಳು. ಗಂಡ ಒಳಗೆ ಬಂದಾಗ, "ಏನ್ರೀ ಮದುಮಗ, ಓಡಿಹೋಗೋ ಯೋಚನೆ ಇದ್ರೆ ಈಗ್ಲೇ ಹೇಳಿಬಿಡಿ" ಎಂದು ಕೆಣಕಿದಳು. ಅವನ ಕಿವಿ ಕೆಂಪಾಯಿತು. ಮಕ್ಕಳೆಲ್ಲ ಬೆಳೆದು ಬೇರೆ ಊರು ಸೇರಿದ ಮೇಲೂ ಗಂಡಸಿನ ಕಿವಿ ಹೆಂಡತಿಯ ಮಾತಿಗೆ ಕೆಂಪಾಗುವುದನ್ನು ನಾನು ಅಲ್ಲಿ ಮಾತ್ರ ನೋಡಿದ್ದು.

ಬೇಸಿಗೆ ಹುಟ್ಟುವ ಹೊತ್ತಿಗೆ ನಮ್ಮವರೊಬ್ಬರ ಮಗಳ ಸಂಭ್ರಮವೆಂದು ಬಾಡಿಗೆಯ ಸಭಾಂಗಣದಲ್ಲಿ ಎಲ್ಲರೂ ಸೇರಿದೆವು. ಹೋಟೆಲಿನಲ್ಲಿ ಆಗ ಡೆನ್ಮಾರ್ಕಿನ ಒಬ್ಬ ಹೆಂಗಸು ಇಳಿದಿದ್ದಳು. ಕುತ್ತಿಗೆಯಲ್ಲಿ ಕ್ಯಾಮೆರಾ, ತಲೆಗೆ ಕೆಂಪು ಟೋಪಿ. ಮುಸ್ಲಿಮರು ಫ್ರಾನ್ಸಿನ ಊರುಗಳಲ್ಲಿ ಹೇಗಿದ್ದಾರೆಂದು ನೋಡಿ ಬರೆಯುವವಳಂತೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಬಿಳಿ ನಿಲುವಂಗಿಯ ಗಂಡಸರ ಹಿಂದೆಯೇ ನಡೆದು ಸಭಾಂಗಣದ ಬಾಗಿಲಿಗೆ ಬಂದಳು. ಬಾಗಿಲಿಗೆ ಬಂದವರನ್ನು ನಮ್ಮವರು ಕಳಿಸುವುದಿಲ್ಲ. ಕೂರಿಸಿ, ಪಲಾವು ಕೊಟ್ಟರು. ಒಳ್ಳೆಯವಳೇ. ಕೈಯಲ್ಲೇ ಉಂಡಳು, ಬೆರಳನ್ನೂ ನೆಕ್ಕಿದಳು.

ಅವಳ ಕಣ್ಣಿಗೆ ಬಿದ್ದದ್ದು ಇಬೂರೋಯಣ್ಣ. ಬಿಳಿಗಡ್ಡದ ಮುದುಕ ನಿಂತುಕೊಂಡು, ತನ್ನ ಮಕ್ಕಳ ವಯಸ್ಸಿನವರಿಗೆ ಬಾಗಿ ಬಾಗಿ ಹಣ್ಣಿನ ರಸ ಕೊಡುತ್ತಿದ್ದಾನೆ. ಅವಳ ಮುಖ ಸಪ್ಪಗಾದದ್ದನ್ನು ನಾನು ದೂರದಿಂದ ನೋಡಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬರು ಶಲ್ಯವನ್ನು ಕುರ್ಚಿಗೆ ಹಾಕಿ ನಮಾಜಿಗೆ ಕೈಕಾಲು ತೊಳೆಯಲು ಎದ್ದುಹೋದರು. ಈ ಮಹಾತಾಯಿ ಸರ್ರನೆ ಎದ್ದು, ಆ ಶಲ್ಯ ತೆಗೆದು, ಇಬೂರೋಯಣ್ಣನ ಹೆಗಲಿಗೆ ಹೊದಿಸಿ, ಎರಡೂ ಕೈಯಿಂದ ನೆರಿಗೆ ಸರಿಮಾಡಿ, ಹಿಂದೆ ಸರಿದು ಕ್ಯಾಮೆರಾ ಎತ್ತಿದಳು.

ಮುಂದಿನ ಸಾಲಿನವರೆಲ್ಲ ತಟ್ಟೆ ಕೆಳಗಿಟ್ಟು ತಿರುಗಿ ನೋಡಿದರು.

ಅವನು ತಕ್ಷಣ ತೆಗೆಯಬೇಕಿತ್ತು, ತೆಗೆಯಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟ. ನೆಟ್ಟಗಿದ್ದ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಕ್ಯಾಮೆರಾದ ಕಡೆ ಅವನು ನೋಡಲೇ ಇಲ್ಲ. ಹೆಂಗಸರ ಕಡೆ ತಿರುಗಿ ಎಷಾತಕ್ಕನನ್ನು ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿದ್ದ ನನ್ನ ಕೈಯನ್ನು ಅವಳು ಹಿಡಿದ ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು. ಆಮೇಲೆ ಅವನು ಶಲ್ಯವನ್ನು ಮೆಲ್ಲಗೆ ತೆಗೆದು, ಮಡಿಚಿ, ಕುರ್ಚಿಯ ಮೇಲಿಟ್ಟು, ತಟ್ಟೆ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಆ ಹೆಂಗಸು ಕಾಫಿ ಕುಡಿಯುತ್ತ ನನಗೇ ಪಾಠ ಹೇಳಿದಳು: "ನಿಮ್ಮ ಹಿರಿಯರದು ಎಂಥ ವಿನಯ! ಕಿರಿಯರಿಗೆ ತಾವೇ ಬಡಿಸ್ತಾರೆ. ಗೌರವ ಕೊಟ್ರೂ ಬೇಡ ಅಂತಾರೆ. ನಮ್ಮೋರು ಕಲೀಬೇಕು."

ಕುರುಡರು ಆನೆ ಮುಟ್ಟಿದ ಹಾಗೆ. ಆನೆಗೆ ನೋವಾಯಿತೋ ಇಲ್ಲವೋ ಯಾರಿಗೆ ಬೇಕು? "ಹೌದಮ್ಮ, ಇನ್ನೊಂದಿಷ್ಟು ಬೆಣ್ಣೆ ಕೊಡ್ಲಾ?" ಎಂದೆ. ಕೊಡಬೇಕೆನಿಸಿದ್ದು ಬೇರೆಯೇ.

ಮುಂದಿನ ಭಾನುವಾರ ಹಿರಿಯರು ಸೇರಿದರು. ಗಳಿಸದ ಶಲ್ಯ ಹೊದ್ದವನನ್ನು ಕೇಳದೆ ಬಿಟ್ಟರೆ ಗಳಿಸಿದವರ ಶಲ್ಯಕ್ಕೆ ಬೆಲೆಯೇನು? ಇಬೂರೋಯಣ್ಣ ನಡುವೆ ನಿಂತ. ಕೇಳುವ ಕೆಲಸ ಸೊಯಿಲಿಹಿಯ ಪಾಲಿಗೆ ಬಂತು.

"ಮಾವ, ಆಕೆ ಅತಿಥಿ. ಅತಿಥಿ ಹೊದಿಸಿದ್ದನ್ನ ಅವಳೆದುರೇ ಕಿತ್ತುಹಾಕಬಾರದು ಅಂತ ನೀನು ಸುಮ್ಮನಿದ್ದೆ. ಅಷ್ಟೇ ಅಲ್ವಾ? ಹೌದು ಅಂದುಬಿಡು, ಮುಗೀತು."

ಹಿರಿಯರು ಕೂಡ ತಲೆದೂಗಿದರು. ಅತಿಥಿಯ ಮಾತೆಂದರೆ ನಮ್ಮಲ್ಲಿ ಎಲ್ಲದಕ್ಕೂ ಮಾಫಿ ಇದೆ. ಒಂದು 'ಹೌದು' ಸಾಕಿತ್ತು.

ಇಬೂರೋಯಣ್ಣ ಅಳಿಯನ ಮುಖ ನೋಡಿದ. "ಇಲ್ಲ ಕಣಪ್ಪ. ಅತಿಥಿ ನೆನಪೇ ಬರಲಿಲ್ಲ ನಂಗೆ. ಹೆಗಲ ಮೇಲೆ ಅದು ಕೂತಾಗ ಹಿತವಾಯ್ತು. ನನ್ನವಳು ಒಂದ್ಸಲ ನೋಡ್ಲಿ ಅನ್ನಿಸ್ತು. ಅದಕ್ಕೇ ತೆಗೀಲಿಲ್ಲ."

"ಮಾವಾ..."

"ಸುಳ್ಳು ಹೇಳಿ ಕಟ್ಟೆ ಹತ್ತಿದ್ರೆ ಕಲ್ಲು ಚುಚ್ಚುತ್ತಪ್ಪ."

ಹೀಗೆ ಹೇಳಿದವನನ್ನು ಬಿಡುವ ಹಾಗಿರಲಿಲ್ಲ. ದೊಡ್ಡ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ತೀರ್ಪು ಹೇಳಿದ ಹಿರಿಯರೇ ಕಣ್ಣೊರೆಸಿಕೊಂಡರಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಅವನ ಮೇಲೆ ರೇಗಿದೆ: "ಸತ್ಯಸಂಧ ಆಗೋಕೆ ಇದೇ ದಿನ ಸಿಕ್ತಾ ನಿಂಗೆ?" ಎಷಾತಕ್ಕನೇ ನನ್ನ ಬಾಯಿ ಮುಚ್ಚಿಸಿದಳು. "ಬೈಬೇಡ ಕಣೇ. ಅವರು ನನ್ನ ಕಡೆ ನೋಡಿದ್ರಲ್ಲ, ಎಷ್ಟು ಚೆಂದ ಕಾಣ್ತಿದ್ರು! ಇಷ್ಟು ವರ್ಷ ಕಾದೋಳಿಗೆ ಇನ್ನೊಂದು ವರ್ಷ ಯಾವ ಲೆಕ್ಕ?"

ಆ ಒಂದು ವರ್ಷವೇ ದಕ್ಕಲಿಲ್ಲ. ಚಳಿಗಾಲದಲ್ಲಿ ಎಷಾತಕ್ಕನ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದಳು, ಆದರೆ ಡಾಕ್ಟರು ವಿಮಾನದ ಮಾತೇ ಎತ್ತಬೇಡಿ ಎಂದರು. ಈ ವರ್ಷವಲ್ಲ, ಮುಂದಿನ ವರ್ಷವೂ ಅಲ್ಲ. ಕಿಟಕಿಯ ಹತ್ತಿರದ ಕುರ್ಚಿ ಈಗ ಅವಳದಾಯಿತು.

ವಸಂತದಲ್ಲಿ ಸೊಯಿಲಿಹಿ ಬಂದ. ನಾನು ಅಕ್ಕನಿಗೆ ಗಂಜಿ ತಂದಿದ್ದೆ. ಅವನು ಟೋಪಿ ತೆಗೆದು ಮಾವನ ಎದುರು ಕೂತ.

"ಮಾವ, ಅಮ್ಮ ಊರಿಂದ ಫೋನ್ ಮಾಡಿದ್ಲು. ಊರಲ್ಲೊಬ್ಬಳು ವಿಧವೆ ಇದ್ದಾಳಂತೆ, ಒಳ್ಳೆ ಮನೆತನ. ಅವಳ ಜೊತೆ ದೊಡ್ಡ ಮದುವೆ ಮುಗಿಸ್ಕೊಂಡು ವಾಪಸ್ ಬಂದ್ರಾಯ್ತು ಅಂತಾಳೆ. ಎಷ್ಟೋ ಜನ ಹಾಗೇ ಮಾಡಿದ್ದಾರೆ, ತಪ್ಪೇನಿಲ್ಲ. ನೀನು ಹಿಂದೆ ನಿಂತಿರೋದನ್ನ ನನ್ನ ಕೈಲಿ ನೋಡೋಕಾಗ್ತಿಲ್ಲ, ಮಾವ."

ನಾನು ಎಷಾತಕ್ಕನ ಮುಖ ನೋಡಲಾರದೆ ಗಂಜಿ ಕಲಕಿದೆ. ಮಾತಾಡಿದವಳು ಅವಳೇ.

"ಹೋಗಿ ಬನ್ನಿ ಅಂದ್ರೆ. ನಾನು ಇಲ್ಲೇ ಕೂತು ಫೋನಲ್ಲಿ ನೋಡ್ತೀನಿ. ಆ ಗಂಧ ಅವಳಿಗೇ ಕೊಡಿ, ನನ್ನ ಮುಖಕ್ಕೆ ಹೇಗೂ ಸಾಲ್ತಿರಲಿಲ್ಲ." ನಗಲು ನೋಡಿದಳು, ಆಗಲಿಲ್ಲ. "ಕಟ್ಟೆ ಮೇಲೆ ಕೂತ್ಕೊಳ್ರೀ. ನಿಮ್ಮ ಜೀವ ಅಲ್ಲೇ ಇದೆ ಅಂತ ನಂಗೊತ್ತಿಲ್ವಾ?"

ಇಬೂರೋಯಣ್ಣ ಸ್ಟೂಲು ಹತ್ತಿ ಅಲಮಾರಿನ ಮೇಲಿನ ಸೂಟ್‌ಕೇಸು ಇಳಿಸಿದ. ಹೊಸ ಶಲ್ಯ ತೆಗೆದ. ಜರಿಗೆ ಇನ್ನೂ ಅಂಗಡಿಯ ವಾಸನೆಯಿತ್ತು. ಅದನ್ನು ಬಿಡಿಸಿ, ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಮಂಡಿಗಳ ಮೇಲೆ ಹೊದಿಸಿದ. ಅಂಚನ್ನು ಎರಡೂ ಕಡೆ ಒಳಗೆ ಸಿಕ್ಕಿಸಿದ.

"ಅಯ್ಯೋ, ಇದೇನ್ರೀ! ಯಾರಾದ್ರೂ ನೋಡಿದ್ರೆ?"

"ಹೆಗಲ ಮೇಲೆ ಹಾಕಬಾರದು ಅಂತ ಕಟ್ಟು. ಮಂಡಿ ಮೇಲೆ ಹಾಕಬಾರದು ಅಂತ ಯಾರೂ ಹೇಳಿಲ್ಲ" ಎಂದ. ಆಮೇಲೆ ಅಳಿಯನಿಗೆ, "ನಿನ್ನ ಅಮ್ಮಂಗೆ ಹೇಳಪ್ಪ, ನಂಗೆ ಹೆಣ್ಣು ಆಗ್ಲೇ ನಿಶ್ಚಯ ಆಗಿದೆ" ಎಂದ. ಸೊಯಿಲಿಹಿ ಮಾವನ ಕೈ ಹಿಡಿದು ಚಿಕ್ಕ ಮಗುವಿನ ಹಾಗೆ ಅತ್ತ. ನಾನೂ ಅತ್ತೆ, ಗಂಜಿ ತಣ್ಣಗಾಯಿತು.

ಈಗಲೂ ಅವನು ಸಂಜೆಗಳಲ್ಲಿ ಕಟ್ಟೆಯ ಕಲ್ಲಿನ ಮಾತಾಡುತ್ತಾನೆ. ಆಸೆ ಹೋಗಿಲ್ಲ, ಹೋಗುವುದೂ ಇಲ್ಲ. ಎಷಾತಕ್ಕ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾಳೆ.

ಮೊನ್ನೆ ಭಾನುವಾರ ಮತ್ತೆ ಸಭೆಯಿತ್ತು. ಎಷಾತಕ್ಕನನ್ನು ಗಾಲಿಕುರ್ಚಿಯಲ್ಲಿ ನಾನೇ ತಳ್ಳಿಕೊಂಡು ಹೋಗಿದ್ದೆ. ಪ್ರವಾಸಿಗರೂ ಬಂದಿದ್ದರು, ಯಾರೋ ಎಳೆಯ ಜೋಡಿ, ಬೆನ್ನಿಗೆ ಚೀಲ. ಇಬೂರೋಯಣ್ಣ ಹಣ್ಣಿನ ರಸ ಕೊಡಲು ಹೋದಾಗ ಆ ಹುಡುಗ ತಟ್ಟನೆ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

"ನೀವು ಕೂತ್ಕೊಳ್ಳಿ ಅಜ್ಜ. ಈ ವಯಸ್ಸಲ್ಲಿ ನಿಮ್ಮನ್ನ ಯಾಕೆ ನಿಲ್ಲಿಸಿದ್ದಾರೆ?"

"ನಾನಿನ್ನೂ ಹುಡುಗ ಕಣಪ್ಪ. ಮದುವೆ ಆಗಿಲ್ಲ."

ಹುಡುಗ ತಮಾಷೆಯೆಂದುಕೊಂಡು ನಕ್ಕ. "ಹೌದಾ? ಹುಡುಗಿ ನೋಡಿದ್ದೀರಾ?"

ಇಬೂರೋಯಣ್ಣ ತಟ್ಟೆಯನ್ನು ಎಡಗೈಗೆ ಬದಲಿಸಿ, ಹೆಂಗಸರ ಕಡೆ ಗಾಲಿಕುರ್ಚಿಯಲ್ಲಿ ತೂಕಡಿಸುತ್ತಿದ್ದ ಎಷಾತಕ್ಕನನ್ನು ತೋರಿಸಿದ.

"ಅಗೋ, ಅಲ್ಲಿದ್ದಾಳೆ. ಅವಳು ಏಳಲಿ ಅಂತ ಕಾಯ್ತಿದ್ದೀನಿ."