ನೇರಳೆ ಸಾಲಿಗೆ ಇಟ್ಟ ವಿಷ

ನಮ್ಮೂರ ದಾರಿಯಲ್ಲಿದ್ದ ನೇರಳೆ ಸಾಲನ್ನು ಕೊಂದವನು ನಾನು. ಜವರೇಗೌಡರಲ್ಲ. ಅವರು ಆ ಮರಗಳಿಗೆ ಏನೂ ಮಾಡಲಿಲ್ಲ. ಮಾಡಿದರೆಂದು ಊರು ನಂಬಿದ್ದು ನನ್ನ ಒಂದು ಮಾತಿನಿಂದ, ಮತ್ತು ಆ ಮಾತು ಸುಳ್ಳು.

ಇದನ್ನು ಬರೆಯಲು ಮುದುಕನಾಗುವವರೆಗೆ ಕಾದೆ. ಕ್ಷಮೆ ಕೇಳಲು ಬರೆಯುತ್ತಿಲ್ಲ. ಕೇಳಬೇಕಾದವರು ಉಳಿದಿಲ್ಲ, ಉಳಿದ ಒಬ್ಬಾಕೆ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ಶನಿವಾರಸಂತೆಗೆ ನಡೆದೇ ಹೋಗಬಹುದಾದ ಹಳ್ಳಿ ನಮ್ಮದು. ಕೊಡಗು ಆಗ ಇನ್ನೂ ಬೇರೆ ರಾಜ್ಯ, ಸರ್ಕಾರ ಮಡಿಕೇರಿಯಲ್ಲೇ ಇತ್ತು. ನನ್ನ ತಂದೆ ಊರಿನ ಈಶ್ವರನ ಗುಡಿಯ ಅರ್ಚಕರು. ನಾನು ಶಾಲೆಯಲ್ಲಿ ಕನ್ನಡ ಪಂಡಿತ. ಪುಟ್ಟಸ್ವಾಮಿಯೂ ಅದೇ ಶಾಲೆಯ ಮೇಷ್ಟ್ರು. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆ ಅವನದು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಣ್ಣ ಜವರೇಗೌಡರೇ ಉತ್ತು ಬಿತ್ತಿ ತಮ್ಮನನ್ನು ಓದಿಸಿದ್ದರು.

ಪುಟ್ಟಸ್ವಾಮಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ — ಅವನು ಸತ್ತ ಮೇಲೂ — ಆಗುವುದಿಲ್ಲ. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ನಾಟಕವಾಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಓದುತ್ತಿದ್ದ ಕಾಲದಲ್ಲೇ ಅವನು ಅಣ್ಣನ ಹೊಲದ ಅಂಚಿಗೆ, ದಾರಿಯುದ್ದಕ್ಕೂ, ನೇರಳೆ ಸಸಿ ನೆಟ್ಟಿದ್ದ. ಬೇಸಿಗೆಯಲ್ಲಿ ಹಳ್ಳದಿಂದ ಕೊಡ ಹೊತ್ತು ನೀರು ಹೊಯ್ದಿದ್ದ. ನಾನು ಶಾಲೆಗೆ ಸೇರುವ ಹೊತ್ತಿಗೆ ಅವು ನೆರಳು ಕೊಡುವಷ್ಟು ಬೆಳೆದಿದ್ದವು. ಗುಡಿಗೂ ಶಾಲೆಗೂ ಅದೇ ದಾರಿ. ನಾನು ಅಲ್ಲಿ ಒಂದು ಕ್ಷಣ ನಿಂತು ಬೆವರೊರೆಸಿಕೊಂಡರೆ ಸಾಕು, ಅವನು ಎಲ್ಲಿಂದಲೋ ಪ್ರತ್ಯಕ್ಷನಾಗಿ, ನೆರಳು ಹೇಗಿದೆ ಪಂಡಿತರೇ ಎಂದು ಕೇಳುತ್ತಿದ್ದ. ಚೆನ್ನಾಗಿದೆ ಎನ್ನಿಸಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಬಿಸಿಲಲ್ಲೇ ದೂರ ಸರಿದು ನಡೆಯುವುದನ್ನು ನಾನು ರೂಢಿ ಮಾಡಿಕೊಂಡೆ.

ಮರ ನೆಟ್ಟವನನ್ನು ನಮ್ಮ ಕಾವ್ಯ ಹೇಗೆಲ್ಲ ಹೊಗಳಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಹಳೆಯ ಕವಿಗಳು ಬಣ್ಣಿಸಿದ ತೋಪುಗಳು, ಕೆರೆ ಕಟ್ಟಿಸಿ ಸಾಲುಮರ ನೆಡಿಸಿದವರಿಗೆ ಶಾಸನಗಳು ಬೇಡುವ ಪುಣ್ಯ, ಬೀಸುವಾಗ ಹೆಂಗಸರು ಹಾಡುವ ಬಾಳೆ ಮಾವಿನ ಪದಗಳು — ಎಲ್ಲವನ್ನೂ ಮಕ್ಕಳಿಗೆ ಅರ್ಥ ಬಿಡಿಸಿ ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ನನ್ನ ಕೈಯಿಂದ ಒಂದು ಗಿಡವೂ ನೆಲಕ್ಕೆ ಹೋಗಿರಲಿಲ್ಲ. ಅದೊಂದು ಕೊರತೆಯೆಂದೂ ನನಗೆ ಅನ್ನಿಸಿರಲಿಲ್ಲ.

ಒಂದು ಮಳೆಗಾಲ ಶಾಲೆಯಲ್ಲಿ ವನಮಹೋತ್ಸವ ನಡೆಯಿತು. ಮಡಿಕೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ನಾನು ಷಟ್ಪದಿಯಲ್ಲಿ ಒಂದು ಪದ್ಯ ಬರೆದು ಓದಿದೆ. ಎರಡನೆಯ ನುಡಿಗೇ ಜನ ಕೆಮ್ಮತೊಡಗಿದರು. ಆಮೇಲೆ ಪುಟ್ಟಸ್ವಾಮಿ ಎದ್ದು ತನ್ನದನ್ನು ಹಾಡಿದ.

ನೆಟ್ಟವ ನೆರಳಿಗೆ ಕಾಯುವುದಿಲ್ಲ,
ನಡೆವವ ಹೆಸರನು ಕೇಳುವುದಿಲ್ಲ.

ಅಷ್ಟು ಸರಳ. ಎರಡನೆಯ ಸಲ ಹಾಡುವಾಗ ಹಿಂದೆ ಕೂತಿದ್ದ ಹೆಂಗಸರೂ ದನಿಗೂಡಿಸಿದರು. ಅಧಿಕಾರಿಗಳು ಆ ಮರಗಳನ್ನು ನೋಡಬೇಕೆಂದು ದಾರಿಯವರೆಗೆ ನಡೆದು ಹೋದರು. ನಾನು ಕೈಯಲ್ಲಿ ಹಾಳೆ ಹಿಡಿದುಕೊಂಡು ವೇದಿಕೆಯ ಪಕ್ಕ ನಿಂತೇ ಇದ್ದೆ.

ಕಾಫಿಯ ಹೊತ್ತಿಗೆ, ಮೇಷ್ಟ್ರುಗಳೆಲ್ಲ ಸೇರಿದ್ದಾಗ, ಅವನು ನನ್ನ ಕಡೆ ತಿರುಗಿದ.

“ಪಂಡಿತರೇ, ನಿಮ್ಮ ಪದ್ಯದಲ್ಲಿ ಪಾರಿಜಾತ ಇದೆ, ಕಲ್ಪವೃಕ್ಷ ಇದೆ. ಭೂಮಿ ಮೇಲಿಂದು ಒಂದೂ ಇಲ್ವಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮಾತು ನಿಜವಾಗಿತ್ತು — ನಿಜವಾಗಿರದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ನಾನು ಪದ್ಯ ಓದುವ ರೀತಿಯನ್ನು ತರಗತಿಯಲ್ಲಿ ಅಣಕಿಸಿ ತೋರಿಸುತ್ತಿದ್ದನಂತೆ. ಪಕ್ಕದ ಕೋಣೆಯಿಂದ ಮಕ್ಕಳ ನಗು ಕೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು. ಇದನ್ನು ನೆಪವಾಗಿ ಮುಂದಿಡುತ್ತಿಲ್ಲ. ನಕ್ಕದ್ದಕ್ಕೆ ನಕ್ಕಿದ್ದರೆ ಸರಿಹೋಗುತ್ತಿತ್ತು. ನಾನು ಮಾಡಿದ್ದು ಬೇರೆ.

ಮುಂದಿನ ಬೇಸಿಗೆ ರಜೆಯಲ್ಲಿ ಬಿಟ್ಟಂಗಾಲದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಭಾವ ಅಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಗಿಡಗಳಿಗೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತದ ಮೂಟೆಗಳು ಉಗ್ರಾಣದಲ್ಲಿದ್ದವು. ಅದನ್ನು ಹಾಗೇ ಬೇರಿಗೆ ಬಿಟ್ಟರೆ ಮರವೇ ಸಾಯುತ್ತದೆ, ಜೋಪಾನ ಎಂದು ಭಾವ ಆಳುಗಳಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಹೊರಡುವ ದಿನ ಒಂದಿಷ್ಟನ್ನು ಪಂಚೆಯ ತುಂಡಿನಲ್ಲಿ ಕಟ್ಟಿ ತಂದೆ. ಅಡಿಗೆಮನೆಯಿಂದ ಇಂಗಿನ ಗಟ್ಟಿ ತೆಗೆದುಕೊಂಡೆ. ಇಂಗು ಇಟ್ಟರೆ ಮರ ಒಣಗುತ್ತದೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಗುಡಿಯ ಬಾಗಿಲು ರಿಪೇರಿಗೆಂದು ಇಟ್ಟಿದ್ದ ಬೈರಿಗೆ ಮನೆಯಲ್ಲೇ ಇತ್ತು.

ಶನಿವಾರ ಊರೆಲ್ಲ ಸಂತೆಗೆ ಹೋಗಿತ್ತು. ಮಟಮಟ ಮಧ್ಯಾಹ್ನ. ಒಂದೊಂದು ಮರದ ಬುಡದಲ್ಲೂ, ಹುಲ್ಲು ಮರೆಮಾಡುವಷ್ಟು ಕೆಳಗೆ, ಓರೆಯಾಗಿ ತೂತು ಕೊರೆದೆ. ಮರದ ಹಸಿ ಹೊಟ್ಟು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಮೈಲುತುತ್ತ ತುಂಬಿದೆ, ಇಂಗು ಒತ್ತಿದೆ, ಸೆಗಣಿ ಮೆತ್ತಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಬೇಕೆನ್ನಿಸುತ್ತದೆ, ಆದರೆ ಇಲ್ಲ — ನನಗೆ ಖುಷಿಯಾಗಿತ್ತು.

ಮುಂಗಾರು ಹಿಡಿಯುವ ಹೊತ್ತಿಗೆ ಎಲೆಗಳು ಕಂದಿ ಉದುರಿದವು. ಊರೆಲ್ಲ ಹಸಿರಾದರೂ ಆ ಸಾಲು ಮಾತ್ರ ಒಣಕಲಾಗಿ ನಿಂತಿತು. ಪುಟ್ಟಸ್ವಾಮಿ ಬುಡ ಬಗೆದು ನೋಡಿ ತೂತುಗಳನ್ನು ಕಂಡುಹಿಡಿದ. ಬೈರಿಗೆಯ ಕೆಲಸ ಎಂಬುದು ಯಾರಿಗೂ ತಿಳಿಯುವ ಹಾಗಿತ್ತು. ನೇಗಿಲು ನೊಗ ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದ ಜವರೇಗೌಡರ ಮನೆಯಲ್ಲೂ ಬೈರಿಗೆಯಿತ್ತು. ನೆರಳು ಬಿದ್ದ ಕಡೆ ರಾಗಿ ಏಳುವುದಿಲ್ಲ, ಒಂದೆರಡನ್ನಾದರೂ ಕಡಿಯೋಣ ಎಂದು ಅವರು ತಮ್ಮನೊಡನೆ ಜಗಳವಾಡಿದ್ದೂ ಊರಿಗೆ ಗೊತ್ತಿತ್ತು.

ನಾನು ಇದನ್ನೆಲ್ಲ ಮುಂದಾಗಿ ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂಬುದರಿಂದ ಏನೂ ಕಡಿಮೆಯಾಗುವುದಿಲ್ಲ, ಯಾಕೆಂದರೆ ಮುಂದಿನದನ್ನು ಯೋಚಿಸಿಯೇ ಮಾಡಿದೆ.

ಅಣ್ಣತಮ್ಮಂದಿರ ಜಗಳ ಕೈಕೈ ಮಿಲಾಯಿಸುವವರೆಗೆ ಹೋದಾಗ ಪಟೇಲರು ಇಬ್ಬರನ್ನೂ ಗುಡಿಗೆ ಕರೆಸಿದರು. ತಂದೆಗೆ ಜ್ವರ, ಅವರ ಬದಲು ಆ ದಿನ ಗರ್ಭಗುಡಿಯಲ್ಲಿ ನಾನೇ ಇದ್ದೆ. ಕರ್ಪೂರದ ತಟ್ಟೆ ಹಿಡಿದವನು ನಾನು. ಜವರೇಗೌಡರು ಒದ್ದೆ ಬಟ್ಟೆಯಲ್ಲಿ ಬಂದು, ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಆರಿಸಿ, ತಾನು ಮಾಡಿಲ್ಲವೆಂದು ಪ್ರಮಾಣ ಮಾಡಿದರು. ಪುಟ್ಟಸ್ವಾಮಿಯ ಮುಖ ಸಡಿಲವಾಯಿತು. ಅವನು ನಂಬುವುದರಲ್ಲಿದ್ದ, ಅದನ್ನು ನಾನು ಕಣ್ಣಾರೆ ಕಂಡೆ. ಅಣ್ಣನ ಕೈ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಿದ್ದ.

ಆಗ ಪಟೇಲರು, ಬರಿ ಪದ್ಧತಿಗೆಂಬಂತೆ, ದಿನಾ ಆ ದಾರಿಯಲ್ಲಿ ಓಡಾಡುವವರು ನೀವು, ನೀವೇನಾದರೂ ನೋಡಿದ್ದುಂಟೇ ಎಂದು ನನ್ನನ್ನು ಕೇಳಿದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಇಲ್ಲ — ಒಂದೇ ಮಾತು. ನಾನು ಹೇಳಿದ್ದು ಇದು:

“ಸಂತೆ ದಿನ ಜವರೇಗೌಡರು ಬೈರಿಗೆ ಹಿಡ್ಕೊಂಡು ಆ ಕಡೆ ಹೋಗ್ತಿದ್ದುದನ್ನ ನೋಡಿದ ಹಾಗಿದೆ. ಖಂಡಿತವಾಗಿ ಹೇಳಲಾರೆ.”

ಆ ಕೊನೆಯ ಮಾತು ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಅನುಮಾನವಿರುವವನ ಹಾಗೆ ಹೇಳಿದ್ದರಿಂದಲೇ ಎಲ್ಲರೂ ನಂಬಿದರು.

ಜವರೇಗೌಡರಿಗೆ ಸಿಟ್ಟು ಬರಲಿಲ್ಲ. ಅವರು ನನ್ನನ್ನೇ ನೋಡಿದರು. ಪ್ರತಿ ಸುಗ್ಗಿಯಲ್ಲೂ ಗುಡಿಗೆ ಮೊದಲ ರಾಗಿ ತಂದುಕೊಡುತ್ತಿದ್ದ ಮನುಷ್ಯ. ನನಗೆ ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ.

“ಅಯ್ನೋರೆ, ಇನ್ನೊಂದ್ ಸಲ ಯೋಚ್ನೆ ಮಾಡಿ ಹೇಳಿ.”

“ಯೋಚನೆ ಮಾಡೇ ಹೇಳಿದೆ” ಎಂದೆ.

ಪುಟ್ಟಸ್ವಾಮಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. “ದೇವರ ಮುಂದೂ ಸುಳ್ಳು ಹೇಳ್ಬಿಟ್ಯಲ್ಲಣ್ಣ” ಅಂದ. ಆ ಇಬ್ಬರು ಆಡಿಕೊಂಡ ಕೊನೆಯ ಮಾತು ಅದೇ.

ಸುಳ್ಳು ಪ್ರಮಾಣದ ಮನೆಯೆಂದು ಊರು ಅವರ ಹೊಸಿಲು ತುಳಿಯುವುದನ್ನು ಬಿಟ್ಟಿತು. ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವ ಮುಯ್ಯಾಳು ಬರಲಿಲ್ಲ, ನಾಟಿ ನಿಂತುಹೋಯಿತು. ಜವರೇಗೌಡರು ತಮ್ಮ ಪಾಲನ್ನು ತಮ್ಮನಿಗೇ ಬಿಟ್ಟು, ಹೆಂಡತಿ ಸಣ್ಣಮ್ಮನನ್ನು ಕರೆದುಕೊಂಡು ದಕ್ಷಿಣಕ್ಕೆ, ಬಾಳೆಲೆಯೆಂಬ ಊರಿಗೆ ಹೋದರು. ಸ್ವಂತ ಹೊಲ ಉಳುತ್ತಿದ್ದವರು ಎಸ್ಟೇಟಿನ ಕೂಲಿ ಲೈನಿನಲ್ಲಿ ಸಂಸಾರ ಹೂಡಿ, ಪಿಕ್ಕಿಂಗ್ ಕಾಲದಲ್ಲಿ ಕಾಫಿ ಹಣ್ಣು ಬಿಡಿಸಿ ಬದುಕಿದರು. ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಪುಟ್ಟಸ್ವಾಮಿ ಮಣ್ಣಿಗೂ ಹೋಗಲಿಲ್ಲ.

ಅವನು ಮತ್ತೆ ಪದ್ಯ ಬರೆಯಲಿಲ್ಲ, ಸಸಿ ನೆಡಲಿಲ್ಲ. ಮುಂದಿನ ವನಮಹೋತ್ಸವಕ್ಕೆ ನನ್ನ ಪದ್ಯವನ್ನೇ ಹಾಡಿಸಿದರು. ಆ ಹೊತ್ತಿಗೆ ಅದರಲ್ಲಿ ಮಾವು, ಹಲಸು, ಅತ್ತಿ ಎಲ್ಲ ಸೇರಿಸಿಕೊಂಡಿದ್ದೆ. ರಾಜ್ಯ ಹೋಗಿ ಮೈಸೂರಿಗೆ ಸೇರಿದ ಮೇಲೂ ಸುತ್ತಿನ ಶಾಲೆಗಳಲ್ಲಿ ಅದನ್ನು ಹಾಡುತ್ತಿದ್ದರು. ನನಗೆ ಶಾಲು ಹೊದಿಸಿದರು. ಗುದ್ದಲಿ ಕೊಟ್ಟು ಸಸಿ ನೆಡಿಸಿದರು. ಅವನು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ. ಅವನು ನೋಡುತ್ತಿದ್ದಾನೆಂಬುದೇ ನನಗೆ ಆ ಶಾಲಿಗಿಂತ ಬೆಚ್ಚಗಿತ್ತು. ಎಂಥ ಮನುಷ್ಯ ನಾನು ಎಂದು ಕೇಳಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು. ಕೇಳಿಕೊಂಡ ಮೇಲೂ ಬಾಯಿ ಬಿಡಲಿಲ್ಲ.

ಮೊನ್ನೆ ಮಳೆಗಾಲದಲ್ಲಿ ಪುಟ್ಟಸ್ವಾಮಿ ಸತ್ತ. ಮಣ್ಣು ಮಾಡಿದ ದಿನವೇ ಶಾಲೆಯಲ್ಲಿ ಸಂತಾಪ ಸಭೆ ಕರೆದರು, ನನ್ನನ್ನೇ ಮಾತಾಡಲು ಕೂರಿಸಿದರು. ಚೆನ್ನಾಗಿ ಮಾತಾಡಿದೆ. ಅವನ ಆ ಎರಡು ಸಾಲನ್ನೂ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ಗೇಟಿನ ಹತ್ತಿರ ಒಬ್ಬ ಮುದುಕಿ ನಿಂತಿದ್ದಳು. ಸಣ್ಣಮ್ಮ. ಮೈದುನನ ಮುಖ ನೋಡಲು ಬಾಳೆಲೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದಿದ್ದಳಂತೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಅಯ್ನೋರೆ, ಯಾಕಂಗಂದ್ರು ಅಯ್ನೋರು ಅಂತ ನನ್ ಗಂಡ ಬದುಕಿರೋಗಂಟ ಕೇಳ್ತಿದ್ರು. ನಂಗೆ ಉತ್ರ ಗೊತ್ತಿರ್ಲಿಲ್ಲ. ನಿಮ್ಮನ್ನೇ ಕೇಳಿ ಹೋಗಾನ ಅಂತ ನಿಂತೆ.”

ಅವಳ ದನಿಯಲ್ಲಿ ಅಳುವಿರಲಿಲ್ಲ. ನಾನು ಹೇಳಿದೆ. ಅಲ್ಲೇ, ಗೇಟಿಗೆ ಒರಗಿಕೊಂಡು, ತೂತು ಕೊರೆದದ್ದರಿಂದ ಹಿಡಿದು ಎಲ್ಲವನ್ನೂ. ಮುಗಿದ ಮೇಲೆ ಕೈ ಮುಗಿಯಲು ಹೋದೆ. ಅವಳು ಹಿಂದೆ ಸರಿದಳು.

“ಅವ್ರು ಮಾಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಂಗ್ ಹೇಳಿ ಏನ್ ಬಂತು? ಒಳಗೆ ಕುಂತವ್ರಲ್ಲ, ಅವ್ರಿಗೆ ಹೇಳಿ.”

ಒಳಗೆ ಜನ ಇನ್ನೂ ಕಾಫಿ ಕುಡಿಯುತ್ತಿದ್ದರು. ನಾನು ಬಾಗಿಲವರೆಗೆ ಹೋದೆ. ಹೆಡ್‌ಮಾಸ್ತರರು ಎದ್ದು ಕುರ್ಚಿ ಕೊಟ್ಟರು, ಭಾಷಣ ಚೆನ್ನಾಗಿತ್ತು ಎಂದರು. ನಾನು — ಕೂತುಬಿಟ್ಟೆ. ತಿರುಗಿ ನೋಡಿದಾಗ ಅವಳು ಗೇಟಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಬಸ್ಸಿನ ಕಡೆ ನಡೆದಳು.

ಅದಾದ ಮೇಲೆ ಇದನ್ನು ಬರೆದಿದ್ದೇನೆ. ಬರುವ ಸೋಮವಾರ ಪೂಜೆಗೆ ಊರು ಸೇರಿದಾಗ, ಗುಡಿಯ ಅಂಗಳದಲ್ಲಿ ನಿಂತು ಓದುತ್ತೇನೆ. ಬರಬೇಕೆಂದು ಸಣ್ಣಮ್ಮನಿಗೆ ಹೇಳಿ ಕಳಿಸಿದ್ದೆ. ನಿಮ್ಮ ಮುಖ ಇನ್ನೊಂದು ಸಲ ನೋಡುವುದು ಬೇಡ, ಊರಿಗೆ ಕೇಳಿಸಿದರೆ ಸಾಕು ಎಂದು ಹೇಳಿ ಕಳಿಸಿದಳು. ಸರಿ. ಓದಿ ಮುಗಿಸಿದ ಮೇಲೆ ಊರಿನವರು ಏನು ಹೇಳುತ್ತಾರೋ ಹೇಳಲಿ, ಏನು ಮಾಡುತ್ತಾರೋ ಮಾಡಲಿ. ಅಲ್ಲೇ ನಿಂತಿರುತ್ತೇನೆ.