ದೊಡ್ಡಮ್ಮನ ಹುಸಿಯಾದ ಮಾತು

ನಮ್ಮ ದೊಡ್ಡಮ್ಮ ಕಣಿ ಹೇಳುತ್ತಿದ್ದಳು. ಯಲ್ದೂರಿನ ಹತ್ತಿರದ ನಮ್ಮ ಹಳ್ಳಿಗೆ ಕೋಲಾರದಿಂದ, ಮಾಲೂರಿನಿಂದ, ಗಡಿಯಾಚೆಯ ಆಂಧ್ರದಿಂದಲೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮೊರದಲ್ಲಿ ಅಕ್ಕಿ ಹರಡಿ ಬೆರಳಾಡಿಸುತ್ತ, ಕಳೆದುಹೋದ ಹಸು ಯಾವ ದಿಕ್ಕಿಗೆ ಹೋಗಿದೆ, ಮನೆ ಬಿಟ್ಟವರು ಯಾವಾಗ ಬರುತ್ತಾರೆ ಎಂದು ಹೇಳುತ್ತಿದ್ದಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಅವಳಿಗೆ ನಿಜವಾಗಿ ಏನು ಕಾಣುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಎಷ್ಟೋ ಸಲ ಅವಳು ಹೇಳಿದ ಹಾಗೇ ಆಗುತ್ತಿತ್ತು, ಅದಂತೂ ಹೌದು.

ಅವಳು ಹೋದ ಮೇಲೆ ಊರಿನವರು ಕಮಿಟಿ ಮಾಡಿ, ಅವಳ ಮನೆಯನ್ನೇ ಮ್ಯೂಸಿಯಂ ಮಾಡುವುದೆಂದು ತೀರ್ಮಾನಿಸಿದರು. ನಾನು ಕೋಲಾರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಬೋರ್ಡುಗಳಿಗೆ ಬರೆದುಕೊಡುವ ಕೆಲಸ ನನಗೆ ಬಂತು. ಖುಷಿಯಿಂದ ಒಪ್ಪಿಕೊಂಡೆ. ಅವಳ ಮೊರ, ದಪ್ಪ ಗಾಜಿನ ಕನ್ನಡಕ, ಎರಡು ನೂಲಿನ ಸೀರೆ ತಂದುಕೊಟ್ಟೆ.

ಮೊದಲ ಜಗಳ ಕನ್ನಡಕದ್ದು. ಕಮಿಟಿಯ ಅಧ್ಯಕ್ಷರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರು, ದೂರದ ಸಂಬಂಧದಲ್ಲಿ ನನಗೆ ಮಾವ.

"ಮುಂದಾಗೋದ್ನೇ ನೋಡೋರ್ಗೆ ಕನ್ನಡಕ ಯಾಕಮ್ಮ? ಜನ ನಗ್ತಾರೆ," ಎಂದರು.

ಮೊರದ ಜಾಗಕ್ಕೆ ಹೊಸ ಹಿತ್ತಾಳೆ ತಟ್ಟೆ ಬಂತು. ಫೋಟೊದಲ್ಲಿ ಕನ್ನಡಕ ಅಳಿಸಿ, ಕಣ್ಣು ದೊಡ್ಡದು ಮಾಡಿಸಿದರು. ನಾನು ದಿನವೂ ನೋಡಿ ಬೆಳೆದ ಮುಖ ನನಗೇ ಗುರುತು ಸಿಗಲಿಲ್ಲ. ಹಾಳಾಗಿ ಹೋಗಲಿ ಎಂದು ಸುಮ್ಮನಾದೆ. ಆಮೇಲೆ ಬಾಗಿಲಿನ ಮೇಲೆ ಬರೆಸಲು ಅವರೇ ಒಂದು ಸಾಲು ಕೊಟ್ಟರು: "ಇವರಾಡಿದ ಒಂದು ಮಾತೂ ಹುಸಿಯಾಗಲಿಲ್ಲ."

ಹುಸಿಯಾಗಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಬೈರಕೂರಿನಿಂದ ಒಬ್ಬ ಹೆಂಗಸು ಬಂದಿದ್ದಳು. ನಂಗಲಿಯಲ್ಲಿ ಲಾರಿ ಹತ್ತಿ ಹೋದ ಗಂಡ ತಿರುಗಿ ಬಂದಿರಲಿಲ್ಲ. "ಯುಗಾದಿ ಒಳಗೆ ಬರ್ತಾನೆ, ಹೋಗಮ್ಮ," ಎಂದಿದ್ದಳು ದೊಡ್ಡಮ್ಮ. ಅವನು ಬರಲಿಲ್ಲ. ಯುಗಾದಿ ಕಳೆದ ಮೇಲೆ ಆ ಹೆಂಗಸು ಮತ್ತೆ ಬಂದಳು. ಜಗಳವಾಡಲಿಲ್ಲ, ಬೈಯಲಿಲ್ಲ. "ಯಾವ ಯುಗಾದಿ ಅಂತ ಹೇಳಿದ್ರಿ?" ಎಂದಷ್ಟೇ ಕೇಳಿದಳು.

ಆ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ಒಂದು ವಾರದ ನಂತರ ನನ್ನನ್ನು ಕರೆದುಕೊಂಡು, ಬಸ್ಸು ಬದಲಿಸಿಕೊಂಡು ಬೈರಕೂರಿಗೆ ಹೋದಳು. ಆ ಹೆಂಗಸು ಯಾರದೋ ತೋಟದಲ್ಲಿ ಟೊಮೇಟೊ ಕೀಳುತ್ತಿದ್ದಳು. ದೊಡ್ಡಮ್ಮ ಬದುವಿನ ಮೇಲೆ ನಿಂತು, ಕೂಲಿಯವರೆಲ್ಲ ನೋಡುತ್ತಿರುವಂತೆಯೇ ಕೈಮುಗಿದಳು.

"ನಂಗೇನೂ ಕಾಣ್ಲಿಲ್ಲ ಕಣಮ್ಮ. ನೀನ್ ಅಳೋದು ನೋಡಕ್ಕಾಗ್ದೆ ಹೇಳ್ಬಿಟ್ಟೆ. ತಪ್ಪಾಯ್ತು."

ಆ ಹೆಂಗಸು ಕೈಯಲ್ಲಿದ್ದ ಟೊಮೇಟೊ ಬುಟ್ಟಿಗೆ ಹಾಕಿದಳು. "ಬಿಸ್ಲಲ್ಲಿ ಬಂದಿದ್ದೀರ, ನೀರ್ ಕುಡೀರಿ," ಎಂದಳು.

ದೊಡ್ಡಮ್ಮ ಮಾಡಿದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಇದನ್ನೇ ಒಂದು ಪುಟ ಬರೆದುಕೊಟ್ಟೆ. ಅಧ್ಯಕ್ಷರು ಓದಿ, ಮಡಚಿ ಜೇಬಿಗಿಟ್ಟುಕೊಂಡರು.

"ಇದ್ ಬೇಡ ಕಣಮ್ಮ. ಇದನ್ನ ಓದಿದ್ರೆ ಯಾರ್ ಬರ್ತಾರೆ ಇಲ್ಲಿಗೆ?"

"ನಡೆದಿದ್ದು ಮಾವ. ನಾನೇ ಜೊತೇಲಿದ್ದೆ."

"ನಡೆದಿದ್ದೆಲ್ಲಾ ಗೋಡೆಗೆ ಹಾಕಕ್ಕಾಗಲ್ಲ."

ಭಾನುವಾರ ಭಾನುವಾರ ಊರಿಗೆ ಹೋಗಿ ವಾದ ಮಾಡಿದೆ. ಪ್ರತಿಸಲವೂ ಕಾಫಿ ಕೊಟ್ಟು, ಮಾವಿನ ಫಸಲಿನ ಮಾತು ತೆಗೆಯುತ್ತಿದ್ದರು. ಉದ್ಘಾಟನೆಯ ದಿನ ಆ ಸಾಲು ಬಾಗಿಲಿನ ಮೇಲೆ ಹೊಳೆಯುತ್ತಿತ್ತು. ಅದರ ಕೆಳಗೆ ನಿಲ್ಲಿಸಿ ನನಗೆ ಶಾಲು ಹೊದಿಸಿದರು. ನಾನೂ ಹೊದಿಸಿಕೊಂಡು ನಿಂತೆ. ಅದರ ಸಿಟ್ಟು ಈಗಲೂ ನನಗೆ ನನ್ನ ಮೇಲೆಯೇ ಇದೆ.

ಹೋದ ತಿಂಗಳು ಮ್ಯೂಸಿಯಂಗೆ ಹೋಗಿದ್ದಾಗ ನಂಗಲಿ ಕಡೆಯ ಒಬ್ಬ ತಾಯಿ ಬಂದಿದ್ದಳು. ನಾನು ದೊಡ್ಡಮ್ಮನ ಮನೆಯವಳೆಂದು ಯಾರೋ ಹೇಳಿದ್ದರು. ಸೀದಾ ಬಂದು ಕೈ ಹಿಡಿದುಕೊಂಡಳು. ಮೊಬೈಲಿನಲ್ಲಿ ಮಗನ ಫೋಟೊ ತೋರಿಸಿದಳು. ಮನೆ ಬಿಟ್ಟು ಎರಡು ತಿಂಗಳಾಗಿತ್ತಂತೆ.

"ಮಾವಾಡು ಎಪ್ಪುಡು ವಸ್ತಾಡಮ್ಮಾ? ನೀವಾದ್ರೂ ಹೇಳಿ, ನನ್ ಮಗ ಯಾವಾಗ ಬರ್ತಾನೆ?"

ಬರ್ತಾನೆ ಹೋಗಮ್ಮ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಎಷ್ಟು ಸುಲಭವಾಗಿ ಬರುತ್ತದೆ ಅದು! ನುಂಗಿಕೊಂಡೆ.

"ನಂಗೆ ಗೊತ್ತಿಲ್ಲಮ್ಮ. ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೀರಾ?"

"ಅದೆಲ್ಲಾ ಆಯ್ತು. ಒಂದ್ ಮಾತೂ ಸುಳ್ಳಾಗಲ್ಲ ಅಂತ ಅಲ್ಲಿ ಬರ್ದಿದ್ದಾರಲ್ಲ? ನಿಮ್ಗ್ ಗೊತ್ತಿದ್ರೂ ಹೇಳ್ತಿಲ್ಲ," ಎಂದು ಕೈ ಬಿಟ್ಟಳು.

ಬೈರಕೂರಿನ ಕತೆಯನ್ನು ಅಲ್ಲೇ ಹೇಳತೊಡಗಿದೆ. ಅವಳು ಕೇಳಿಸಿಕೊಳ್ಳಲಿಲ್ಲ; ಹಿತ್ತಾಳೆ ತಟ್ಟೆ ಇಟ್ಟಿದ್ದ ಗಾಜಿನ ಪೆಟ್ಟಿಗೆಗೆ ಹಣೆ ಮುಟ್ಟಿಸಿ ಹೊರಟುಹೋದಳು.

ಬಸ್ ಸ್ಟಾಪಿನಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ನೋಡ್ದಾ, ಎಷ್ಟ್ ದೂರದಿಂದ ಬರ್ತಾವ್ರೆ ಜನ!" ಎಂದು ಸಂತೋಷಪಟ್ಟರು. "ನಿನ್ ಪುಟದ್ ವಿಷ್ಯ ಮುಂದಿನ್ ಮೀಟಿಂಗಲ್ಲಿ ನೋಡೋಣ್ವಂತೆ."